ಮುದಿಯಾಗಿರುವುದು ಲ್ಯಾಪ್‌ಟಾಪ್ ಅಲ್ಲ, ಡಿಸ್ಕ್

ಬೆಂಗಳೂರಿನ ಎಸ್.ಪಿ. ರಸ್ತೆಯ ಹಳೆಯ ಕಟ್ಟಡವೊಂದರ ಮೊದಲ ಮಹಡಿ. ಕಿರಿದಾದ ಮೆಟ್ಟಿಲು ಹತ್ತಿ ಒಳಗೆ ಹೋದರೆ ಒಂದು ಕಡೆ ಕೀಬೋರ್ಡ್‌ಗಳ ರಾಶಿ, ಇನ್ನೊಂದು ಕಡೆ ಚಾರ್ಜರ್‌ಗಳ ಗೊಂಚಲು, ನಡುವೆ ಇಬ್ಬರು ಕೂರುವಷ್ಟೇ ಜಾಗ. ಅಕ್ಕನ ಮಗಳ ಲ್ಯಾಪ್‌ಟಾಪನ್ನು ಅಲ್ಲಿಗೆ ಒಯ್ದಿದ್ದೆ. 2017ರಲ್ಲಿ ಕೊಂಡದ್ದು. ಆನ್ ಮಾಡಿ, ಹಾಲು ಕಾಯಿಸಿ, ಕಾಫಿ ಬೆರೆಸಿಕೊಂಡು ಬಂದರೂ ಇನ್ನೂ ವಿಂಡೋಸ್‌ನ ಚುಕ್ಕಿಗಳು ಸುತ್ತುತ್ತಲೇ ಇರುತ್ತಿದ್ದವು. ಹೊಸದನ್ನೇ ಕೊಳ್ಳೋಣವೆಂದು ಮನೆಯಲ್ಲಿ ಮಾತಾಗಿತ್ತು. ನಲವತ್ತು ಸಾವಿರ ರೂಪಾಯಿ ಎಲ್ಲಿಂದ ಹೊಂದಿಸುವುದು ಎಂಬ ಲೆಕ್ಕವೂ ಶುರುವಾಗಿತ್ತು.

ಅಂಗಡಿಯ ಹುಡುಗ ಪರದೆಯನ್ನು ನೋಡಲೇ ಇಲ್ಲ. ಲ್ಯಾಪ್‌ಟಾಪನ್ನು ಎತ್ತಿ ಅದರ ತಳವನ್ನು ಕಿವಿಗೆ ಇಟ್ಟುಕೊಂಡ. ನಂತರ ನನ್ನ ಕಡೆ ಚಾಚಿದ. "ಕೇಳಿ ಮೇಡಂ." ಒಳಗೆ ಕಿರ್‌ಕಿರ್, ಟಿಕ್‌ಟಿಕ್ ಎಂದು ಸಣ್ಣಗೆ, ಬಿಡುವಿಲ್ಲದ ಸದ್ದು.

"ಪಾಪ, ಹುಡುಕ್ತಾ ಇದೆ. ಪ್ರೊಸೆಸರ್ ಚೆನ್ನಾಗಿದೆ, ರ‍್ಯಾಮ್ 8 ಜಿಬಿ ಇದೆ. ಡಿಸ್ಕ್ ಹುಡುಕ್ತಾ ಕೂತಿದೆ, ಉಳಿದವರೆಲ್ಲ ಕಾಯ್ತಾ ಕೂತಿದಾರೆ."

ಕಂಪ್ಯೂಟರ್ ಏಕೆ ನಿಧಾನವಾಗುತ್ತದೆ ಎಂಬುದಕ್ಕೆ ಇಷ್ಟು ಸರಿಯಾದ ವಿವರಣೆಯನ್ನು ನಾನು ಎಲ್ಲೂ ಓದಿಲ್ಲ. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 90. ಒಂದು ಸುತ್ತಿಗೆ 11 ಮಿಲಿಸೆಕೆಂಡು. ಬೇಕಾದ ಮಾಹಿತಿ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮುಂಚೆ ಆ ತಲೆಯನ್ನು ಹೊತ್ತ ತೋಳು ಸರಿಯಾದ ಪಥಕ್ಕೆ ಸರಿಯಬೇಕು, ಅದಕ್ಕೆ ಇನ್ನೂ ಹನ್ನೆರಡು ಮಿಲಿಸೆಕೆಂಡಿನಷ್ಟು. ಜಾತ್ರೆಯಲ್ಲಿ ತಿರುಗುವ ದೊಡ್ಡ ತೊಟ್ಟಿಲಿನಲ್ಲಿ ಕೂತವರನ್ನು ಕೆಳಗೆ ನಿಂತು ಮಾತಾಡಿಸುವ ಕಷ್ಟ ಇದು: ಅವರ ತೊಟ್ಟಿಲು ನಮ್ಮೆದುರಿಗೆ ಬರುವವರೆಗೆ ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಹೀಗೆ ಸೆಕೆಂಡಿಗೆ ಅರವತ್ತು, ಎಪ್ಪತ್ತು ತುಣುಕುಗಳಿಗಿಂತ ಹೆಚ್ಚು ಹೆಕ್ಕಲು ಆಗುವುದಿಲ್ಲ. ವಿಂಡೋಸ್ ಏಳುವಾಗ ಅಲ್ಲಲ್ಲಿ ಚದುರಿದ ಸಾವಿರಾರು ಸಣ್ಣ ತುಣುಕುಗಳನ್ನು ಕೇಳುತ್ತದೆ. ಡಿಸ್ಕಿನ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಒಂದು ತುಣುಕಿಗೆ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಸಾಕು.

ಹುಡುಗ ತಳದ ಸ್ಕ್ರೂಗಳನ್ನು ಬಿಚ್ಚಿ, ಹಳೆಯ ಡಿಸ್ಕನ್ನೂ ಹೊಸ 512 ಜಿಬಿ ಎಸ್‌ಎಸ್‌ಡಿಯನ್ನೂ ತನ್ನ ಕಂಪ್ಯೂಟರಿಗೆ ಸಿಕ್ಕಿಸಿ ಕ್ಲೋನ್ ಮಾಡಲು ಬಿಟ್ಟ. ಹಾಗೆಂದರೆ ಹಳೆಯದರಲ್ಲಿ ಇದ್ದದ್ದೆಲ್ಲ, ವಿಂಡೋಸ್ ಸಮೇತ, ಇದ್ದ ಹಾಗೆಯೇ ಹೊಸದಕ್ಕೆ ನಕಲಾಗುತ್ತದೆ. ಊಟ ಮುಗಿಸಿ ಬಂದಾಗ ಕೆಲಸ ಆಗಿತ್ತು. ಅಂಗೈಯಷ್ಟು ದೊಡ್ಡ ಎಸ್‌ಎಸ್‌ಡಿಯನ್ನು ಅದೇ ಜಾಗದಲ್ಲಿ ಕೂರಿಸಿ ಬಟನ್ ಒತ್ತಿದ. ಕುರ್ಚಿ ಎಳೆದುಕೊಂಡು ಕೂರುವಷ್ಟರಲ್ಲಿ ಪಾಸ್‌ವರ್ಡ್ ಕೇಳಿತು. ಬ್ರೌಸರ್ ಮೇಲೆ ಕ್ಲಿಕ್ ಮಾಡಿದರೆ ತೆರೆದೇ ಬಿಟ್ಟಿತು! ಕೂಲಿಯೂ ಸೇರಿ ಖರ್ಚಾದದ್ದು ಹೊಸ ಲ್ಯಾಪ್‌ಟಾಪಿನ ಬೆಲೆಯ ಹತ್ತನೇ ಒಂದು ಭಾಗ. ಆ ಸಂತೋಷ ಇನ್ನೂ ಇಳಿದಿಲ್ಲ. ಅದಕ್ಕೇ ಈ ಬರಹ.

ಆದರೆ ಆ ಹುಡುಗ ಲ್ಯಾಪ್‌ಟಾಪನ್ನು ಕಿವಿಗೆ ಇಟ್ಟುಕೊಂಡನಲ್ಲ, ಮನಸ್ಸು ಅಲ್ಲೇ ನಿಂತುಬಿಟ್ಟಿತು. ಹಾರ್ಡ್ ಡಿಸ್ಕಿಗೂ ಸದ್ದಿಗೂ ಇರುವ ನಂಟು ವಿಚಿತ್ರವಾದದ್ದು. ಡಿಸ್ಕ್ ಸದ್ದು ಮಾಡುವುದಷ್ಟೇ ಅಲ್ಲ, ಸದ್ದಿಗೆ ಬೆದರುತ್ತದೆ ಕೂಡ. ಮೈಕ್ರೋಸಾಫ್ಟ್‌ನ ಎಂಜಿನಿಯರ್ ರೇಮಂಡ್ ಚೆನ್ 2022ರಲ್ಲಿ ವಿಂಡೋಸ್ ಎಕ್ಸ್‌ಪಿ ಕಾಲದ ಘಟನೆಯೊಂದನ್ನು ಬರೆದರು. ಗಾಯಕಿ ಜಾನೆಟ್ ಜಾಕ್ಸನ್‌ ಅವರ 'ರಿದಮ್ ನೇಷನ್' ಹಾಡಿನ ವಿಡಿಯೊ ಹಾಕಿದರೆ ಕೆಲವು ಲ್ಯಾಪ್‌ಟಾಪ್‌ಗಳು ಕೆಟ್ಟು ನಿಲ್ಲುತ್ತಿದ್ದವು. ತಯಾರಕರು ಪರೀಕ್ಷಿಸಿ ನೋಡಿದರೆ ಬೇರೆ ಕಂಪನಿಗಳ ಲ್ಯಾಪ್‌ಟಾಪ್‌ಗಳಿಗೂ ಅದೇ ಗತಿ. ಇನ್ನೂ ಅಚ್ಚರಿಯೆಂದರೆ, ಒಂದರಲ್ಲಿ ಹಾಡು ಹಾಕಿದರೆ ಪಕ್ಕದಲ್ಲಿ ಸುಮ್ಮನೆ ಇದ್ದ ಇನ್ನೊಂದು ಲ್ಯಾಪ್‌ಟಾಪ್ ನಿಂತುಹೋಗುತ್ತಿತ್ತು. ಆ ಹಾಡಿನಲ್ಲಿದ್ದ ಒಂದು ಕಂಪನಾಂಕ, ಅವುಗಳೊಳಗಿನ 5400 ಸುತ್ತಿನ ಡಿಸ್ಕಿನ ಸಹಜ ಕಂಪನಾಂಕಕ್ಕೆ ಹೊಂದಿಬಿಟ್ಟಿತ್ತು. ತಯಾರಕರು ಕೊನೆಗೆ ಆ ಸ್ವರವನ್ನು ಮಾತ್ರ ಸೋಸಿ ತೆಗೆಯುವ ಫಿಲ್ಟರ್ ಒಂದನ್ನು ಧ್ವನಿ ವ್ಯವಸ್ಥೆಯಲ್ಲಿ ಸೇರಿಸಿದರು. ಭದ್ರತಾ ದೋಷಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಈ ಹಾಡಿನ ದೋಷಕ್ಕೂ 2022ರಲ್ಲಿ ಒಂದು ಸಂಖ್ಯೆ ಸಿಕ್ಕಿದೆ.

2008ರ ಕೊನೆಯಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಬ್ರೆಂಡನ್ ಗ್ರೆಗ್ ಇನ್ನೂ ನೇರವಾದ ಪ್ರಯೋಗ ಮಾಡಿದರು. ಡಿಸ್ಕ್‌ಗಳ ಸಾಲಿನೆದುರು ಬಗ್ಗಿ ನಿಂತು ಗಂಟಲು ಹರಿಯುವಂತೆ ಕಿರುಚಿದರು. ಪರದೆಯ ಮೇಲಿನ ನಕ್ಷೆಯಲ್ಲಿ, ಅವರು ಕಿರುಚಿದ ಗಳಿಗೆಯಲ್ಲಿಯೇ, ಡಿಸ್ಕ್‌ಗಳ ವಿಳಂಬ ಚಂಗನೆ ಮೇಲೇರಿದ್ದು ಕಂಡಿತು. ಆ ವಿಡಿಯೊ ಈಗಲೂ ಯೂಟ್ಯೂಬಿನಲ್ಲಿದೆ, ನೋಡದವರು ನೋಡಲೇಬೇಕು. 2016ರ ಸೆಪ್ಟೆಂಬರಿನಲ್ಲಿ ರುಮೇನಿಯಾದ ಬುಕಾರೆಸ್ಟ್‌ನಲ್ಲಿ ನಡೆದದ್ದು ಇನ್ನೂ ಗಂಭೀರ. ಅಲ್ಲಿನ ಐಎನ್‌ಜಿ ಬ್ಯಾಂಕಿನ ಡೇಟಾ ಸೆಂಟರಿನಲ್ಲಿ ಬೆಂಕಿ ನಂದಿಸುವ ವ್ಯವಸ್ಥೆಯ ಅಣಕು ಪರೀಕ್ಷೆ ನಡೆಯುತ್ತಿತ್ತು. ಬೆಂಕಿ ಇರಲಿಲ್ಲ, ನೀರೂ ಇರಲಿಲ್ಲ. ಜಡ ಅನಿಲ ನಳಿಕೆಗಳಿಂದ ನುಗ್ಗಿದಾಗ ಎದ್ದ 130 ಡೆಸಿಬಲ್‌ಗೂ ಮೀರಿದ ಸದ್ದಿಗೆ ಡಿಸ್ಕ್‌ಗಳು ಹಾಳಾದವು. ಬ್ಯಾಂಕಿನ ಎಟಿಎಂ, ಕಾರ್ಡು, ಜಾಲತಾಣ ಎಲ್ಲವೂ ಹತ್ತು ಗಂಟೆಗಳಷ್ಟು ಕಾಲ ಸ್ತಬ್ಧ.

ಡಿಸ್ಕ್ ಸದ್ದಿಗೆ ಹೀಗೆ ಬೆದರುವುದಕ್ಕೆ ಕಾರಣವಿದೆ: ಓದುವ ತಲೆ ತಟ್ಟೆಯ ಮೇಲೆ ತೇಲುವ ಎತ್ತರ ಕೆಲವೇ ನ್ಯಾನೊಮೀಟರ್. ಇಂದಿನ ಡಿಸ್ಕ್‌ಗಳಲ್ಲಿ ಪಥದ ಅಗಲ ನೂರು ನ್ಯಾನೊಮೀಟರಿಗಿಂತಲೂ ಕಡಿಮೆ. ಅಂಥ ಪಥದ ಮೇಲೆ, ತಿರುಗುತ್ತಿರುವ ತಟ್ಟೆಯಲ್ಲಿ, ಬಸ್ಸಿನ ಕುಲುಕಾಟದ ನಡುವೆಯೂ ಈ ಯಂತ್ರ ನಮ್ಮ ಮದುವೆ ಫೋಟೊಗಳನ್ನು ತಪ್ಪಿಲ್ಲದೆ ಓದಿ ಕೊಟ್ಟಿದೆ. ನನಗೆ ಹಾರ್ಡ್ ಡಿಸ್ಕ್ ಮೇಲೆ ಪ್ರೀತಿಯಿದೆ, ಗೌರವವೂ ಇದೆ. ಆದರೂ ಈಗ ಅದರ ಜಾಗ ಲ್ಯಾಪ್‌ಟಾಪಿನ ಒಳಗಲ್ಲ.

ಇತಿಹಾಸ ಗೊತ್ತಿರುವಂಥದ್ದೇ. 1956ರಲ್ಲಿ ಐಬಿಎಂ ತಂದ ಮೊದಲ ಡಿಸ್ಕ್ ಯಂತ್ರದಲ್ಲಿ ಎರಡಡಿ ಅಗಲದ ಐವತ್ತು ತಟ್ಟೆಗಳಿದ್ದವು. ತೂಕ ಒಂದು ಟನ್‌ನಷ್ಟು, ಹಿಡಿಯುತ್ತಿದ್ದದ್ದು ಐವತ್ತು ಲಕ್ಷ ಅಕ್ಷರ. ತಿರುಗದೆ ನೆನಪಿಡುವ ಫ್ಲ್ಯಾಶ್ ಚಿಪ್ಪನ್ನು ರೂಪಿಸಿದವರು ಜಪಾನಿನ ತೋಶಿಬಾದಲ್ಲಿದ್ದ ಫುಜಿಯೊ ಮಸುವೊಕ, 1980ರ ದಶಕದಲ್ಲಿ. ಜಗತ್ತಿನ ಜೇಬನ್ನೆಲ್ಲ ತುಂಬಿದ ಆ ಕೆಲಸಕ್ಕೆ ತಕ್ಕ ಪ್ರತಿಫಲ ಸಿಗಲಿಲ್ಲವೆಂದು ಅವರು ಕಂಪನಿಯ ಮೇಲೆಯೇ ಮೊಕದ್ದಮೆ ಹೂಡಬೇಕಾಯಿತು. 2006ರಲ್ಲಿ ಅದು 8.7 ಕೋಟಿ ಯೆನ್‌ಗೆ ರಾಜಿಯಾಯಿತು. ಅವರಿಗೆ ಸಂದದ್ದು ಕಡಿಮೆಯೇ ಎಂದು ನನ್ನ ಅನಿಸಿಕೆ. ಕಾನ್ಪುರದಲ್ಲಿ ಹುಟ್ಟಿದ ಸಂಜಯ್ ಮೆಹ್ರೋತ್ರಾ ಇಬ್ಬರೊಂದಿಗೆ ಸೇರಿ 1988ರಲ್ಲಿ ಕಟ್ಟಿದ ಕಂಪನಿ ಇಂದಿನ ಸ್ಯಾನ್‌ಡಿಸ್ಕ್. ಅದಕ್ಕೂ, ಸ್ಯಾಮ್‌ಸಂಗ್‌ನ ಚಿಪ್ ವಿಭಾಗಕ್ಕೂ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರಗಳಿವೆ.

ಬೆಲೆಯ ಕಥೆ ಮಾತ್ರ ನಿಧಾನವಾಗಿ ಓದಬೇಕಾದದ್ದು. 1991ರಲ್ಲಿ ಸ್ಯಾನ್‌ಡಿಸ್ಕ್ ತಯಾರಿಸಿದ ಎಸ್‌ಎಸ್‌ಡಿ 20 ಎಂಬಿಯದ್ದು, ಬೆಲೆ ಸುಮಾರು ಸಾವಿರ ಡಾಲರ್. 2008ರಲ್ಲಿ ಆ್ಯಪಲ್ ತನ್ನ ತೆಳು ಲ್ಯಾಪ್‌ಟಾಪಿಗೆ 64 ಜಿಬಿ ಎಸ್‌ಎಸ್‌ಡಿ ಬೇಕೆಂದವರಿಂದ 999 ಡಾಲರ್ ಹೆಚ್ಚುವರಿಯಾಗಿ ಕೇಳಿತು. 2011ರ ಕೊನೆಯಲ್ಲಿ ಥಾಯ್ಲೆಂಡಿನ ಪ್ರವಾಹದಲ್ಲಿ ಹಾರ್ಡ್ ಡಿಸ್ಕ್ ಕಾರ್ಖಾನೆಗಳು ಮುಳುಗಿ, ಡಿಸ್ಕ್‌ಗಳ ಬೆಲೆ ಕೆಲವೇ ವಾರಗಳಲ್ಲಿ ಜಿಗಿಯಿತು. ಎಸ್‌ಎಸ್‌ಡಿಯ ಕಡೆ ಜನ ತಿರುಗಿ ನೋಡಿದ್ದು ಆಗ. 2013ರಲ್ಲಿ ಸ್ಯಾಮ್‌ಸಂಗ್ ಮೆಮೊರಿ ಕೋಶಗಳನ್ನು ಒಂದರ ಮೇಲೊಂದು 24 ಪದರಗಳಲ್ಲಿ ಪೇರಿಸಿತು. ಈಗ ಪದರಗಳು ಇನ್ನೂರನ್ನು ದಾಟಿವೆ. ಒಂದೊಂದು ಕೋಶದಲ್ಲಿ ಒಂದು ಬಿಟ್ ಇಡುತ್ತಿದ್ದ ಕಡೆ ಮೂರು, ನಾಲ್ಕು ಬಿಟ್‌ ತುಂಬಿದರು. ಬೆಲೆ ಇಳಿದದ್ದು ಮುಖ್ಯವಾಗಿ ಈ ಎರಡು ಕಾರಣಗಳಿಂದ. 2023ರ ಮಧ್ಯದಲ್ಲಿ ಬೇಡಿಕೆಯೂ ಕುಸಿದು, ಅಮೆರಿಕದಲ್ಲಿ 1 ಟಿಬಿ ಎಸ್‌ಎಸ್‌ಡಿ 50 ಡಾಲರಿಗಿಂತ ಕಡಿಮೆಗೆ ಸಿಗುವಂತಾಯಿತು.

ನಷ್ಟ ತಾಳಲಾರದೆ ತಯಾರಕರು ಉತ್ಪಾದನೆ ತಗ್ಗಿಸಿದರು. 2024ರಲ್ಲಿ ಬೆಲೆ ಮತ್ತೆ ಏರಿತು. 2025ರ ಕೊನೆಯ ತಿಂಗಳುಗಳಿಂದಲಂತೂ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದರಿಂದ ಏರಿಕೆ ಜೋರಾಗಿದೆ. ಹಾಗಾಗಿ ಎಸ್‌ಎಸ್‌ಡಿ ಅಗ್ಗವಾಗುತ್ತಲೇ ಹೋಗುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ. ಹತ್ತು ವರ್ಷಗಳ ಲೆಕ್ಕ ಹಿಡಿದರೆ ಇಳಿದಿದೆ ನಿಜ, ಆದರೆ ನಾವು ಕೊಳ್ಳುವುದು ಇವತ್ತಿನ ಅಂಗಡಿಯಲ್ಲಿ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ವೇಗದ ಅಂಕಿಗಳಿಗೂ ಮರುಳಾಗಬೇಡಿ. ಹಳೆಯ ಲ್ಯಾಪ್‌ಟಾಪಿನ ಸಾಟಾ ಕೊಂಡಿಯಲ್ಲಿ ಸೆಕೆಂಡಿಗೆ 550 ಎಂಬಿಗಿಂತ ಹೆಚ್ಚು ಹರಿಯುವುದೇ ಇಲ್ಲ, 7000 ಎಂಬಿ ವೇಗದ ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿಯನ್ನು ಅದಕ್ಕೆ ಸಿಕ್ಕಿಸಲೂ ಬಾರದು. ಮನೆಯ ಕೆಲಸಕ್ಕೆ ಮೊದಲ ಜಿಗಿತವೇ ದೊಡ್ಡದು, ತಟ್ಟೆಯಿಂದ ಚಿಪ್ಪಿಗೆ. ಅದಕ್ಕೆ 256 ಜಿಬಿಯೂ ಸಾಕು. ಬಹುಬೇಗ ಸವೆದುಹೋಗುತ್ತದೆ ಎಂಬ ಹೆದರಿಕೆಯೂ ಬೇಡ. ಸಾಮಾನ್ಯ 500 ಜಿಬಿ ಎಸ್‌ಎಸ್‌ಡಿಗೆ ಒಳ್ಳೆಯ ಕಂಪನಿಗಳು 150 ಟಿಬಿ, ಅದಕ್ಕೂ ಹೆಚ್ಚು ಬರೆಯುವ ಭರವಸೆ ಕೊಡುತ್ತವೆ. ದಿನಕ್ಕೆ 20 ಜಿಬಿ ಬರೆದರೂ ಇಪ್ಪತ್ತು ವರ್ಷ ಬೇಕು.

ನಿಜವಾಗಿ ಹೆದರಬೇಕಾದದ್ದು ಬೇರೆಯದಕ್ಕೆ. ಆನ್‌ಲೈನಿನಲ್ಲಿ ಎರಡು ಸಾವಿರಕ್ಕೆ 16 ಟಿಬಿ ಎಂದು ಮಾರುವ ಪೋರ್ಟಬಲ್ ಎಸ್‌ಎಸ್‌ಡಿಗಳು ಮೋಸ. ಬಿಚ್ಚಿದರೆ ಒಳಗೆ ಸುಳ್ಳು ಅಳತೆ ಹೇಳುವ ಪುಟ್ಟ ಮೆಮೊರಿ ಕಾರ್ಡ್ ಅಂಟಿಸಿರುತ್ತಾರೆ. ಇನ್ನೊಂದು, ಹಾರ್ಡ್ ಡಿಸ್ಕ್ ಸಾಯುವ ಮುಂಚೆ ಎಷ್ಟೋ ಸಲ ಟಕ್ ಟಕ್ ಎಂದು ಹೇಳಿಯೇ ಸಾಯುತ್ತದೆ, ಎಸ್‌ಎಸ್‌ಡಿ ಸದ್ದಿಲ್ಲದೆ ಹೋಗಿಬಿಡಬಹುದು. ಅಳಿಸಿದ ಫೈಲನ್ನು ಎಸ್‌ಎಸ್‌ಡಿಯಿಂದ ಮರಳಿ ಪಡೆಯುವುದೂ ಬಹುಪಾಲು ಆಗದ ಕೆಲಸ. ವಿದ್ಯುತ್ ಇಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿಟ್ಟರೆ ಅದರ ಕೋಶಗಳಲ್ಲಿನ ಎಲೆಕ್ಟ್ರಾನುಗಳು ನಿಧಾನವಾಗಿ ಸೋರುತ್ತವೆ. ಸವೆದ ಎಸ್‌ಎಸ್‌ಡಿಯಾದರೆ ಇನ್ನೂ ಬೇಗ. ಎತ್ತಿಡಬೇಕಾದ ಫೋಟೊಗಳಿಗೆ ತಿರುಗುವ ಡಿಸ್ಕೇ ಮೇಲು. ಅಕ್ಕನ ಮಗಳ ಹಳೆಯ ಡಿಸ್ಕನ್ನೂ ಹುಡುಗ ಒಂದು ಯುಎಸ್‌ಬಿ ಕೇಸಿಂಗ್‌ಗೆ ಹಾಕಿ ಕೊಟ್ಟ, ಈಗ ಅದು ಮನೆಯ ಬ್ಯಾಕಪ್. ಅದನ್ನೊಂದನ್ನೇ ನೆಚ್ಚದೆ ಮತ್ತೊಂದು ನಕಲನ್ನೂ ಇಟ್ಟಿದ್ದೇವೆ.

ಇನ್ನೂ ಒಂದು ಕಾರಣಕ್ಕೆ ಇದನ್ನು ಹೇಳಬೇಕೆನಿಸಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಲು ಬಾರದ ಎಷ್ಟೋ ಲ್ಯಾಪ್‌ಟಾಪ್‌ಗಳು ಗುಜರಿಯ ದಾರಿ ಹಿಡಿದಿವೆ. ಅಂಥವುಗಳಿಗೆ ಒಂದು ಸಣ್ಣ ಎಸ್‌ಎಸ್‌ಡಿ ಹಾಕಿ ಉಬುಂಟು ಅಥವಾ ಲಿನಕ್ಸ್ ಮಿಂಟ್ ಕೂರಿಸಿದರೆ ಮಕ್ಕಳ ಓದಿಗೆ, ಟೈಪಿಂಗಿಗೆ, ವಿಡಿಯೊ ಪಾಠಕ್ಕೆ ಇನ್ನೂ ಎಷ್ಟೋ ವರ್ಷ ದುಡಿಯುತ್ತವೆ. ಶಾಲೆಗೆ ಹಳೆಯ ಕಂಪ್ಯೂಟರ್ ದಾನ ಕೊಡುವವರು ದಯವಿಟ್ಟು ಅದರೊಳಗೆ ಒಂದು ಎಸ್‌ಎಸ್‌ಡಿ ಹಾಕಿಸಿ ಕೊಡಿ.

ನಿಮ್ಮ ಮನೆಯಲ್ಲೂ ಹೊಸ ಲ್ಯಾಪ್‌ಟಾಪಿನ ಮಾತು ನಡೆದಿದ್ದರೆ ಮೊದಲು ಹಳೆಯದರ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟ ನೋಡಿ. ಅಲ್ಲಿ ಡಿಸ್ಕಿನ ಜೊತೆಗೆ ಎಚ್‌ಡಿಡಿ ಎಂದಿದ್ದು, ಬಳಕೆ ಸದಾ ನೂರು ಪ್ರತಿಶತದ ಹತ್ತಿರವೇ ಇದ್ದರೆ, ಕಡತಗಳನ್ನು ಬೇರೆಡೆ ನಕಲು ಮಾಡಿಟ್ಟು, ಗೊತ್ತಿರುವ ಅಂಗಡಿಗೆ ಹೋಗಿ ಡಿಸ್ಕ್ ಬದಲಿಸಿ. ಬೆಲೆ ಇನ್ನಷ್ಟು ಇಳಿಯಲಿ ಎಂದು ಕಾಯಬೇಡಿ.