ಹಳೇ ಥರ್ಮಲ್ ಘಟಕ: ರಿಪೇರಿ ಮಾಡಿಸೋದಾ, ಬೀಗ ಹಾಕೋದಾ?

ಇವತ್ತಿನ ಮಾತು ನಿಮ್ಮ ಫೋನ್ ಚಾರ್ಜ್ ಮಾಡೋ ಕರೆಂಟಿನ ಬಗ್ಗೆ. ಸರಿಯಾಗಿ ಹೇಳ್ಬೇಕಂದ್ರೆ, ಆ ಕರೆಂಟ್ ತಯಾರಿಸೋ ಹಳೇ ಯಂತ್ರಗಳ ಬಗ್ಗೆ.

ರಾಯಚೂರು ಹತ್ರ, ಕೃಷ್ಣಾ ನದಿ ದಡದ ಶಕ್ತಿನಗರದಲ್ಲಿ ಆರ್‌ಟಿಪಿಎಸ್ ಇದೆ. 8 ಘಟಕ, ಒಟ್ಟು 1,720 ಮೆಗಾವಾಟ್. ಮೊದಲನೇ ಘಟಕ ಶುರುವಾಗಿದ್ದು 1985ರಲ್ಲಿ. ಇದನ್ನ ಕೇಳ್ತಿರೋ ನಿಮ್ಮಲ್ಲಿ ಬಹಳ ಜನಕ್ಕಿಂತ ಅದು ವಯಸ್ಸಲ್ಲಿ ದೊಡ್ಡದು. ಕಲ್ಲಿದ್ದಲು ಘಟಕಕ್ಕೆ ಸಾಮಾನ್ಯವಾಗಿ ಲೆಕ್ಕ ಹಾಕೋ ಆಯಸ್ಸು 25 ವರ್ಷ ಅಷ್ಟೇ.

ಮನೇಲಿ ಹಳೇ ಬೈಕ್ ಇದ್ರೆ ಗೊತ್ತಲ್ವಾ? ಓಡುತ್ತೆ, ಆದ್ರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಆಗಾಗ ಗ್ಯಾರೇಜಿಗೆ ಹೋಗುತ್ತೆ. ಥರ್ಮಲ್ ಘಟಕದ ಕಥೆಯೂ ಇದೇ.

ಒಳಗೆ ಏನಾಗುತ್ತೆ ನೋಡಿ. ಬಾಯ್ಲರ್ ಕೊಳವೆಗಳಲ್ಲಿ ಸುಮಾರು 540 ಡಿಗ್ರಿ ಸೆಲ್ಸಿಯಸ್ ಹಬೆ ಓಡ್ತಾ ಇರುತ್ತೆ. ಹೊರಗಿಂದ ಬೂದಿ ಉಜ್ಜಿ ಉಜ್ಜಿ ಕೊಳವೆ ತೆಳುವಾಗುತ್ತೆ, ಒಂದಿನ ತೂತು ಬೀಳುತ್ತೆ. ಆಗ ಇಡೀ ಘಟಕ ನಿಲ್ಲಿಸಲೇಬೇಕು. ಟರ್ಬೈನಿನ ಬ್ಲೇಡುಗಳು ಸವೆದು, ಕೆಲಸ ಮಾಡಬೇಕಾದ ಹಬೆ ಸಂದಿಯಿಂದ ಸೋರಿಹೋಗುತ್ತೆ. ಹಬೆಯನ್ನ ತಣಿಸೋ ಕಂಡೆನ್ಸರ್ ಕೊಳವೆಗಳಲ್ಲಿ ಪಾಚಿ, ಉಪ್ಪು ಕಟ್ಟುತ್ತೆ. ಇದೆಲ್ಲದರ ಫಲ ಒಂದೇ: ಅಷ್ಟೇ ಕರೆಂಟಿಗೆ ಜಾಸ್ತಿ ಕಲ್ಲಿದ್ದಲು.

ಎಷ್ಟು ಜಾಸ್ತಿ? ಒಂದು ಸರಳ ಲೆಕ್ಕ ಹಾಕೋಣ. ಒಂದು ಯೂನಿಟ್ ಕರೆಂಟಿಗೆ 2,500 ಕಿಲೋಕ್ಯಾಲೊರಿ ಶಾಖ ಬೇಕು, ಒಂದು ಕೆಜಿ ಕಲ್ಲಿದ್ದಲಿನಿಂದ 3,500 ಸಿಗುತ್ತೆ ಅಂದ್ಕೊಳ್ಳಿ. ಅಂದ್ರೆ ಯೂನಿಟ್ಟಿಗೆ ಸುಮಾರು 700 ಗ್ರಾಂ. ನವೀಕರಣ ಮಾಡಿ ಶೇ. 5ರಷ್ಟು ಸುಧಾರಿಸಿದ್ರೆ 35 ಗ್ರಾಂ ಉಳಿಯುತ್ತೆ. ಇಷ್ಟೇನಾ ಅನ್ನಿಸ್ತಾ? 210 ಮೆಗಾವಾಟ್ ಘಟಕವೊಂದು ದಿನವಿಡೀ ಪೂರ್ತಿ ಓಡಿದ್ರೆ 50.4 ಲಕ್ಷ ಯೂನಿಟ್. ದಿನಕ್ಕೆ ಸುಮಾರು 176 ಟನ್ ಉಳಿತಾಯ, ತಿಂಗಳಿಗೆ 5,000 ಟನ್ನಿಗೂ ಹೆಚ್ಚು. ಅದು ಒಂದು ಇಡೀ ಗೂಡ್ಸ್ ರೈಲಿನ ಲೋಡಿಗಿಂತ ಜಾಸ್ತಿ! ಬೂದಿ, ಹೊಗೆ ಕೂಡ ಅಷ್ಟು ಕಮ್ಮಿ.

ಕೆಲಸ ಶುರು ಮಾಡೋ ಮುಂಚೆ ಯಂತ್ರಕ್ಕೆ ಒಂದು ಹೆಲ್ತ್ ಚೆಕಪ್ ಇರುತ್ತೆ. ಅಲ್ಟ್ರಾಸೌಂಡ್ ಹಾಕಿ ಕೊಳವೆಯ ದಪ್ಪ ಅಳೀತಾರೆ, ಲೋಹದ ಕಣರಚನೆಯನ್ನ ಸೂಕ್ಷ್ಮದರ್ಶಕದಲ್ಲಿ ನೋಡ್ತಾರೆ. ಇನ್ನೆಷ್ಟು ವರ್ಷ ಬಾಳುತ್ತೆ ಅನ್ನೋದು ಅಂದಾಜಾದ ಮೇಲೆ ಹೊಸ ಕೊಳವೆ, ಹೊಸ ಬ್ಲೇಡು, ಡಿಜಿಟಲ್ ಕಂಟ್ರೋಲ್, ಹಾರುಬೂದಿ ಹಿಡಿಯೋ ಉತ್ತಮ ಯಂತ್ರ. ಪಶ್ಚಿಮ ಬಂಗಾಳದ ಬಂಡೇಲ್, ಮಹಾರಾಷ್ಟ್ರದ ಕೊರಾಡಿಯಲ್ಲಿ ವಿಶ್ವಬ್ಯಾಂಕ್ ನೆರವಿನಿಂದ 210 ಮೆಗಾವಾಟಿನ ಒಂದೊಂದು ಹಳೇ ಘಟಕವನ್ನ ಹೀಗೆ ನವೀಕರಿಸಿದ್ರು.

ಆದ್ರೆ ಎಷ್ಟೇ ರಿಪೇರಿ ಮಾಡಿದ್ರೂ ಹಳೇದು ಹೊಸದಾಗಲ್ಲ. ರಾಯಚೂರು ಪಕ್ಕದ ಯರಮರಸ್‌ನ 800 ಮೆಗಾವಾಟ್ ಘಟಕಗಳು ಸೂಪರ್‌ಕ್ರಿಟಿಕಲ್. ಅಲ್ಲಿ ಹಬೆಯ ಒತ್ತಡ ಬಹಳ ಹೆಚ್ಚು, ಹಾಗಾಗಿ ದಕ್ಷತೆಯೂ ಹೆಚ್ಚು. 210ರ ಘಟಕಕ್ಕೆ ಆ ಮಟ್ಟ ಮುಟ್ಟೋಕೆ ಆಗಲ್ಲ.

ಈಗ ಪಂಜಾಬಿನ ಬಠಿಂಡಾಗೆ ಬನ್ನಿ. ಅಲ್ಲಿನ ಗುರುನಾನಕ್ ದೇವ್ ಥರ್ಮಲ್ ಸ್ಥಾವರ ಶುರುವಾಗಿದ್ದು 1974ರಲ್ಲಿ. ಅದರ ನಾಲ್ಕೂ ಘಟಕಗಳನ್ನ 700 ಕೋಟಿ ರೂಪಾಯಿಗೂ ಹೆಚ್ಚು ಸುರಿದು ನವೀಕರಿಸಿದ್ರು. ಕೆಲವೇ ವರ್ಷ ಕಳೀತು, 2018ರ ಜನವರಿ 1ರಿಂದ ಬೀಗ! ಯಂತ್ರ ಕೆಟ್ಟು ಅಲ್ಲ. ಅದರ ಕರೆಂಟ್ ದುಬಾರಿ, ಬೇರೆ ಕಡೆ ಅಗ್ಗಕ್ಕೆ ಸಿಗುತ್ತೆ ಅಂತ. ಯಂತ್ರಕ್ಕೆ ಆಯಸ್ಸು ಇತ್ತು, ಕೆಲಸ ಇರ್ಲಿಲ್ಲ. ಅಲ್ಲಿ ದುಡೀತಿದ್ದ ಗುತ್ತಿಗೆ ಕಾರ್ಮಿಕರು ಬೀದಿಗಿಳಿದು ಪ್ರತಿಭಟಿಸಬೇಕಾಯ್ತು.

ಕರ್ನಾಟಕಕ್ಕೆ ಈ ಪಾಠ ಯಾಕೆ ಮುಖ್ಯ? ನಮ್ಮಲ್ಲಿ ಪಾವಗಡದಂಥ ದೊಡ್ಡ ಸೋಲಾರ್ ಪಾರ್ಕ್‌ಗಳಿವೆ. ಹಗಲು ಬಿಸಿಲಿನ ಕರೆಂಟ್ ಬಂದಾಗ ಥರ್ಮಲ್ ಘಟಕ ತಗ್ಗಬೇಕು, ಸಂಜೆ ಎಲ್ಲರ ಮನೇಲಿ ಲೈಟ್ ಹತ್ತಿದಾಗ ಬೇಗ ಏರಬೇಕು. ಶೇ. 40ರ ಮಟ್ಟಕ್ಕೂ ಇಳಿದು ಓಡೋ ಹಾಗಿರಬೇಕು ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರ 2023ರಲ್ಲಿ ನಿಯಮ ತಂತು. ಹಳೇ ಘಟಕಗಳನ್ನ ಕಟ್ಟಿದ್ದು ಒಂದೇ ಸಮ ಓಡೋಕೆ. ದಿನಾ ಬಿಸಿ, ತಣ್ಣಗೆ ಅಂತ ಆಗ್ತಿದ್ರೆ ದಪ್ಪ ಲೋಹಕ್ಕೂ ಬಿರುಕು ಬರುತ್ತೆ.

ಅದಕ್ಕೇ ನಾನು ಹೇಳೋದು: ಕಲ್ಲಿದ್ದಲು ಉಳಿಸೋ ನವೀಕರಣ ಮಾತ್ರ ಈಗ ಸಾಲದು, ಬಗ್ಗಿ ಏಳೋ ಶಕ್ತಿ ಕೊಡೋ ನವೀಕರಣ ಬೇಕು. ಅದು ಸಾಧ್ಯವಾಗದ ಘಟಕಕ್ಕೆ ಕೋಟಿ ಸುರಿಯೋ ಬದಲು, ಅಲ್ಲಿನ ಜನಕ್ಕೆ ಮುಂದಿನ ಕೆಲಸ ಏನು ಅಂತ ಮೊದಲೇ ಯೋಚಿಸಿ ಮುಚ್ಚೋದೇ ವಾಸಿ.

ಮುಂದಿನ ಸಲ "ಥರ್ಮಲ್ ಘಟಕ ನವೀಕರಣಕ್ಕೆ ಇಷ್ಟು ಕೋಟಿ" ಅಂತ ಸುದ್ದಿ ಬಂದ್ರೆ ಮೂರು ಪ್ರಶ್ನೆ ಕೇಳಿ. ಇನ್ನೆಷ್ಟು ವರ್ಷ ಓಡುತ್ತೆ? ದಿನಕ್ಕೆ ಎಷ್ಟು ಗಂಟೆ ಓಡಿಸ್ತಾರೆ? ಅದರ ಕರೆಂಟ್ ಯಾವ ರೇಟಿಗೆ ಬೀಳುತ್ತೆ? ಉತ್ತರ ಸಿಗದಿದ್ರೆ ಬಠಿಂಡಾ ನೆನಪಿಸ್ಕೊಳ್ಳಿ. ಯಾಕಂದ್ರೆ ಆ ಕೋಟಿಗಳು ಕೊನೆಗೆ ಬರೋದು ನಿಮ್ಮ ಮನೆ ಕರೆಂಟ್ ಬಿಲ್ಲಿಗೇ.