ಏಳೂವರೆಯ ಧಾರವಾಡ ಬಸ್ಸು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಮೂರು ದಿನವಾಗಿದೆ. ನವಲಗುಂದ ತಾಲ್ಲೂಕಿನ ಈ ಊರಿನಲ್ಲಿ ಬೆಳಗಿನ ಒಂಬತ್ತಕ್ಕೇ ಎರೆನೆಲದ ಬಿರುಕುಗಳಿಂದ ಕಾವು ಏಳತೊಡಗಿದೆ. ಪಂಚಾಯಿತಿ ಕಟ್ಟಡದ ಬಗಲಿಗೆ ಬೇವಿನ ಮರ, ಅದರ ಬುಡಕ್ಕೆ ಕಟ್ಟೆ, ಕಟ್ಟೆಯ ಎದುರು ಹಳದಿ ಸುಣ್ಣದ ಒಂದು ಕೋಣೆ. ಗೋಡೆಯ ಮೇಲೆ ಕುವೆಂಪು, ಅಂಬೇಡ್ಕರ್, ಬೇಂದ್ರೆ. ಬೇಂದ್ರೆಯವರ ಮೂಗು ಮಾತ್ರ ಕಲಾವಿದನ ಕೈಗೆ ಸಿಕ್ಕಿಲ್ಲ. ಬಾಗಿಲ ಮೇಲೆ ‘ಅರಿವು ಕೇಂದ್ರ’ ಎಂದು ಬರೆದಿದೆ. ಊರವರ ಬಾಯಲ್ಲಿ ಅದು ಇನ್ನೂ ಲೈಬ್ರರಿಯೇ. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳೆಲ್ಲ ಪಂಚಾಯತ್‌ ರಾಜ್ ಇಲಾಖೆಗೆ ಬಂದ ಮೇಲೆ ಸುಣ್ಣ, ಬಣ್ಣ, ಎರಡು ಕಂಪ್ಯೂಟರ್, ಹೊಸ ಹೆಸರು ಎಲ್ಲ ಬಂದವು. ಹೆಸರು ಜನರ ನಾಲಿಗೆಗೆ ಹತ್ತುವುದು ಇಲಾಖೆಯ ಕೈಯಲ್ಲಿಲ್ಲ.

ಹೊಸ್ತಿಲಾಚೆ ಹನ್ನೊಂದು ಜೊತೆ ಚಪ್ಪಲಿಗಳಿವೆ. ಸಾಮಾನ್ಯ ದಿನಗಳಲ್ಲಿ ನಾಲ್ಕಿದ್ದರೆ ಹೆಚ್ಚು, ಅವೂ ಪೇಪರು ಓದಲು ಬಂದ ಮುದುಕರವು. ಇಂದು ಮುದುಕರು ಪೇಪರು ಹಿಡಿದು ಕಟ್ಟೆಗೆ ಬಂದು ಕೂತಿದ್ದಾರೆ. ಒಳಗಿನ ಉದ್ದನೆಯ ಮೇಜಿನ ಒಂದು ತುದಿಗೆ ಗ್ರಂಥಾಲಯದ ಮೇಲ್ವಿಚಾರಕಿ. ಮಕ್ಕಳಿಂದ ಹಿಡಿದು ಪಂಚಾಯಿತಿ ಅಧ್ಯಕ್ಷರವರೆಗೆ ಎಲ್ಲರಿಗೂ ಆಕೆ ಅಕ್ಕೋರು. ಇನ್ನೊಂದು ತುದಿಗೆ ಬಿಳಿ ಪೈಜಾಮದ ಒಬ್ಬರು ಹಿರಿಯರು. ಐಟಿಐಯಲ್ಲಿ ಫಿಟ್ಟರ್ ಟ್ರೇಡು ಕಲಿಸಿ ನಿವೃತ್ತರಾದವರು, ಹಾಗಾಗಿ ಊರಿಗೆ ಅವರು ಫಿಟ್ಟರ್ ಮಾಸ್ತರು. ಎಡಗೈ ಹೆಬ್ಬೆರಳ ಉಗುರು ಅರ್ಧಕ್ಕೇ ನಿಂತಿದೆ. ‘ಮೊದಲನೇ ವರ್ಷದ ಸುತ್ತಿಗಿ’ ಎನ್ನುತ್ತಾರೆ ಅದಕ್ಕೆ.

ಇಬ್ಬರ ನಡುವೆ ನೀಲಿ ರಟ್ಟಿನ ಒಂದು ಲಾಂಗ್‌ಬುಕ್ಕು.

ಮುಂದೇನೆಂದು ಕೇಳಬಂದವರಿಗೆ ದಾರಿ ಹೇಳುವ ಈ ಕೆಲಸಕ್ಕೆ ‘ವೃತ್ತಿ ಮಾರ್ಗದರ್ಶನ’ ಎಂಬ ದೊಡ್ಡ ಹೆಸರನ್ನು ಅವರು ಇಟ್ಟಿಲ್ಲ. ಆ ಹೆಸರಿನ ಶಿಬಿರಗಳನ್ನು ನಾನು ನಗರಗಳಲ್ಲಿ ಕಂಡಿದ್ದೇನೆ. ಪರದೆಯ ಮೇಲೆ ಚಿತ್ರ ಬೀಳುತ್ತದೆ, ಕೋಟು ತೊಟ್ಟವರು ದೊಡ್ಡ ಕನಸು ಕಾಣಿರೆಂದು ಹೇಳುತ್ತಾರೆ, ಉಪ್ಪಿಟ್ಟು ಸಿಗುತ್ತದೆ. ಕಾಲೇಜಿನಿಂದ ಹಳ್ಳಿಗೆ ಸಂಜೆಯ ಕಡೇ ಬಸ್ಸು ಎಷ್ಟಕ್ಕೆಂದು ಯಾರೂ ಹೇಳುವುದಿಲ್ಲ. ಇಲ್ಲಿ ಮೊದಲ ಪುಟವೇ ಬಸ್ಸಿನ ವೇಳೆ. ನವಲಗುಂದಕ್ಕೆ, ಹುಬ್ಬಳ್ಳಿಗೆ, ಅಣ್ಣಿಗೇರಿಗೆ, ಧಾರವಾಡಕ್ಕೆ. ಅಂಚಿನಲ್ಲಿ ಕೆಂಪು ಶಾಯಿಯ ಟಿಪ್ಪಣಿ: ‘ಬೆಣ್ಣಿಹಳ್ಳ ಬಂದರೆ ಇದು ಬರಂಗಿಲ್ಲ.’ ಎರಡನೇ ಪುಟದಿಂದ ಹಾಸ್ಟೆಲುಗಳು, ಐಟಿಐಗಳು, ಪಾಲಿಟೆಕ್ನಿಕ್, ಹುಬ್ಬಳ್ಳಿಯ ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ ಜಿಟಿಟಿಸಿ, ಧಾರವಾಡದ ರುಡ್‌ಸೆಟಿ, ಉದ್ಯೋಗ ವಿನಿಮಯ ಕಚೇರಿ, ನಾಡಕಚೇರಿ. ಪ್ರತಿಯೊಂದರ ಕೆಳಗೂ ಊರಿನವರು ಯಾರಾದರೂ ಹೋಗಿ ಬಂದ ಅನುಭವ ಒಂದೋ ಎರಡೋ ಸಾಲಿನಲ್ಲಿದೆ. ‘ಮೂರನೇ ಕಿಡಕಿ. ಊಟದ ಮುಂಚೆ ಹೋಗಬೇಕು.’ ‘ಮೊದಲ ಸಲ ಇಲ್ಲ ಅಂತಾರ, ಎರಡನೇ ಸಲ ಅರ್ಜಿ ತಗೋತಾರ.’ ‘ಆಧಾರಿನಾಗ ಹೆಸರು ಬ್ಯಾರೆ ಇದ್ರ ವಾಪಸ್ ಕಳಸ್ತಾರ, ಮೊದಲ ತಿದ್ದಿಸ್ರಿ.’ ಯಾವ ಜಾಲತಾಣದಲ್ಲೂ ಇಲ್ಲದ ಮಾಹಿತಿ ಇದು. ಹೋದವರು ತಿರುಗಿ ಬಂದು ಹೇಳದಿದ್ದರೆ ಹುಟ್ಟುವುದೂ ಇಲ್ಲ.

“ಎಷ್ಟಾತಪಾ?” ಮಾಸ್ತರು ಕೇಳಿದರು.

“ಮ್ಯಾಥ್ಸ್ ಹೋತ್ರಿ ಸರ. ಉಳದದ್ದೆಲ್ಲಾ ಪಾಸ್ ಅದಾವ್ರಿ.”

ಹುಡುಗನ ಹಿಂದೆ ನಿಂತ ಅಪ್ಪ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. ಗೋವಾದ ಕಟ್ಟಡದ ಕೆಲಸಕ್ಕೆ ಗೌಂಡಿಯ ಜೊತೆ ಮಾತಾಡಿಯೂ ಆಗಿದೆಯಂತೆ.

“ನಿನಗ ಏನ್ ಆಗಬೇಕಂತೈತಿ?”

“ಜೆಸಿಬಿ ಆಪರೇಟರ್ ರೀ.”

ಯಾರೋ ನಕ್ಕರು. ಮಾಸ್ತರು ನಗಲಿಲ್ಲ. ವಯಸ್ಸು ಕೇಳಿದರು. ಹದಿನಾರು. “ಹದಿನೆಂಟು ತುಂಬೂತನಾ ಲೈಸೆನ್ಸ್ ಕೊಡಂಗಿಲ್ಲ. ಎರಡ ವರ್ಷ ಏನ್ ಮಾಡ್ತಿ? ಮಂದಿ ಗಾಡಿಗೆ ಗ್ರೀಸ್ ಹಚ್ಕೋತ ಕುಂದ್ರತಿ. ಅದ ಎರಡ ವರ್ಷದಾಗ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಮುಗಿತೈತಿ. ಆಮ್ಯಾಲ ಗಾಡಿ ಹೊಡಿಯಾಂವನೂ ನೀನ, ಬಿಚ್ಚಿ ಜೋಡಸಾಂವನೂ ನೀನ.” ಇಷ್ಟು ಹೇಳಿ, ಲಾಂಗ್‌ಬುಕ್ಕಿನ ಪುಟವೊಂದನ್ನು ಅವನ ಕಡೆ ತಿರುಗಿಸಿದರು. “ವೆಲ್ಡರ್‌ಗೆ ಎಂಟನೇತ್ತ ಸಾಕು, ಒಂದ ವರ್ಷದ್ದು. ಈ ಟ್ರೇಡಿಗೆ ಹತ್ತನೇತ್ತ ಪಾಸಾಗಿರಬೇಕು. ಯಾವದು ಬೇಕು ನೀನ ನೋಡು.”

ಹುಡುಗ ಪುಟವನ್ನೇ ದಿಟ್ಟಿಸಿದ. ಹತ್ತು ವರ್ಷ ಸುಮ್ಮನೆ ಕಾಡಿದ ಗಣಿತಕ್ಕೆ ಈಗ ಮೊದಲ ಸಲ ಒಂದು ಹಳದಿ ಯಂತ್ರದ ಆಕಾರ ಬಂದಿರಬೇಕು. “ಎಕ್ಸಾಮ್‌ ಟೂ ಕಟ್ತೀನ್ರಿ” ಅಂದ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಒಂದರಲ್ಲಿ ಜಾರಿದವನು ವರ್ಷವಿಡೀ ಬೀದಿ ಸುತ್ತಬೇಕಿಲ್ಲ. ಅಪ್ಪ ಕೇಳಿದ್ದು ಒಂದೇ ಮಾತು: “ಗಣಿತ ಹೇಳಿಕೊಡಾವ್ರು ಯಾರ್ರಿ?” ಅಕ್ಕೋರು ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಮೇಜಿನ ಗಾಜಿನ ಕೆಳಗೆ ಸಿಕ್ಕಿಸಿದರು.

ನೂರಕ್ಕೆ ಎಪ್ಪತ್ತೊಂದು ತಂದ ಹುಡುಗಿಯ ವಿಷಯ ಬೇಗ ಮುಗಿಯಿತು. ಗೆಳತಿಯರೆಲ್ಲ ಪಿಯು ಸೈನ್ಸ್, ಆದ್ದರಿಂದ ಇವಳಿಗೂ ಸೈನ್ಸ್. ಜಿಟಿಟಿಸಿಯ ಟೂಲ್ ಅಂಡ್ ಡೈ ಡಿಪ್ಲೊಮಾ ಎಂಬುದೊಂದಿದೆ, ಅಲ್ಲಿ ಕಡೇ ವರ್ಷ ಕಾರ್ಖಾನೆಯಲ್ಲೇ ಕಲಿಯುವುದು ಎಂದು ಮಾಸ್ತರು ಆಸೆಯಿಂದ ವಿವರಿಸಿದರು. ಅವರಿಗೆ ಲೋಹವೆಂದರೆ ಪಕ್ಷಪಾತ, ಎದುರಿಗಿರುವವರು ಯಾರೇ ಆಗಲಿ ಕೊನೆಗೆ ಲೇತಿನ ಮುಂದೆಯೇ ತಂದು ನಿಲ್ಲಿಸುತ್ತಾರೆ. ಹುಡುಗಿ ತಲೆಯಾಡಿಸಿದಳು, ಒಪ್ಪಲಿಲ್ಲ. “ಹೆಣ್ಮಕ್ಕಳಿಗೆ ಟಿಕೆಟ್ ಇಲ್ಲ ಖರೆ, ಬಸ್ಸ ಇರಬೇಕಲ್ರಿ” ಎಂದಳು ಅವಳವ್ವ. ಹುಬ್ಬಳ್ಳಿಯಲ್ಲಿ ಹಾಸ್ಟೆಲಿಗೆ ಅರ್ಜಿ ಹಾಕಲು ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು. ನಾಡಕಚೇರಿಗೆ ನಾಳೆಯೇ ಹೋಗಬೇಕು. ಯಾವ ಕೋರ್ಸೆಂದು ಆಮೇಲೆ ನೋಡಿದರಾಯಿತು, ಕಾಗದ ಮೊದಲು.

ಅಷ್ಟೊತ್ತಿಗೆ ಬಾಗಿಲ ಬಳಿ ಸೆರಗು ಹೊದ್ದು ನಿಂತಿದ್ದ ಹೆಂಗಸೊಬ್ಬಳು ಮೂರು ಸಲ ಒಳಗೆ ಇಣುಕಿ ಹಿಂದೆ ಸರಿದಿದ್ದಳು. ಅಕ್ಕೋರು ಎದ್ದು ಹೋಗಿ ಕೈ ಹಿಡಿದು ತಂದರು. ಇಪ್ಪತ್ತೆಂಟರ ಸೊಸೆ, ಪಿಯುಸಿಗೆ ಓದು ನಿಂತಿದೆ. ಗಂಡ ಹೊಲ ಮನೆ ನೋಡಿಕೊಳ್ಳುತ್ತಾನೆ. ಮನೆಯಲ್ಲೊಂದು ಹೊಲಿಗೆ ಮಷೀನು ಬಂದು ಕೂತಿದೆ, ಅತ್ತೆಯ ಹೆಸರಿಗೆ ಬರುವ ಗೃಹಲಕ್ಷ್ಮಿಯ ಎರಡೆರಡು ಸಾವಿರ ಕೂಡಿಸಿ ತಂದದ್ದು. ಸೊಸೆಗೆ ಬರುವುದು ಫಾಲ್ ಹಚ್ಚುವುದಷ್ಟೇ. ಕುಪ್ಪಸ ಕತ್ತರಿಸಲು ಕೈ ನಡುಗುತ್ತದೆ.

ರುಡ್‌ಸೆಟಿಯ ಪುಟ ತೆರೆಯಿತು. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆ ಶುರುಮಾಡಿದ ಸ್ವಉದ್ಯೋಗ ತರಬೇತಿ ಸಂಸ್ಥೆ. ಅದೇ ಮಾದರಿ ಮುಂದೆ ಜಿಲ್ಲೆಗೊಂದರಂತೆ ದೇಶಕ್ಕೆಲ್ಲ ಹಬ್ಬಿತು. ಅಲ್ಲೇ ಊಟ, ಅಲ್ಲೇ ವಸತಿ, ಶುಲ್ಕವಿಲ್ಲ. ಹೊಲಿಗೆಗೆ ಮೂವತ್ತು ದಿನ. ಮುಗಿಸಿ ಹೋದವರನ್ನು ಎರಡು ವರ್ಷದವರೆಗೆ ವಿಚಾರಿಸುತ್ತಾರೆ, ಬ್ಯಾಂಕಿನ ಸಾಲಕ್ಕೂ ದಾರಿ ತೋರಿಸುತ್ತಾರೆ. ಇದೆಲ್ಲ ಸೊಸೆಗೆ ಮೊದಲೇ ಗೊತ್ತು. ಸಂಜೀವಿನಿ ಸಂಘದ ಸಭೆಯಲ್ಲಿ ಕೇಳಿದ್ದಾಳೆ, ಮೊಬೈಲಿನಲ್ಲೂ ನೋಡಿದ್ದಾಳೆ. ತೊಡಕು ಬೇರೆಯೇ.

ತೊಡಕು ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿತ್ತು.

“ಮೂವತ್ತ ದಿನ ಹೊರಗ ಮಲಗೂದಂದ್ರ ಹೆಂಗ್ರಿ ಅಕ್ಕೋರ? ಮಂದಿ ಏನಂದಾರು?” ಎಂದಳು ಅತ್ತೆ ಒಳಗೆ ಬಂದು. ಕೂಸಿನ ಮಾತು ಬಂತು, ಹಾಲು ಹಿಂಡುವ ಎಮ್ಮೆಯ ಮಾತು ಬಂತು. ರೋಹಿಣಿ ಮಳೆ ಬಿದ್ದರೆ ಹೆಸರು ಬಿತ್ತಬೇಕು, ಆಗ ರೊಟ್ಟಿ ಬಡಿಯುವವರು ಯಾರು ಎಂಬುದೂ ಬಂತು. ಒಂದೂ ಸುಳ್ಳಲ್ಲ. ಅಕ್ಕೋರು ಯಾವುದಕ್ಕೂ ಎದುರುತ್ತರ ಕೊಡಲಿಲ್ಲ. ಮಹಿಳೆಯ ಸ್ವಾವಲಂಬನೆಯ ಬಗ್ಗೆ ಭಾಷಣ ಬರುತ್ತದೆಂದು ನಾನು ಕಾಯುತ್ತಿದ್ದೆ, ಅದೂ ಬರಲಿಲ್ಲ. ಬಂದದ್ದು ಇಷ್ಟೇ: “ಸೋಮವಾರ ನೀವೂ ಹೋಗ್ರಿ. ಮಲಗೂ ಖೋಲಿ ನೋಡ್ರಿ, ಅಡಗಿಮನಿ ನೋಡ್ರಿ. ಮನಸಿಗೆ ಬರಲಿಲ್ಲಂದ್ರ ಸೊಸಿನ್ನ ಕರಕೊಂಡು ಸಂಜಿ ಬಸ್ಸಿಗೆ ಬಂದಬಿಡ್ರಿ. ನಾ ಮತ್ತ ಕೇಳಂಗಿಲ್ಲ.”

ಅತ್ತೆ ಸುಮ್ಮನಾದಳು. ಧಾರವಾಡ ನೋಡಿ ಆಕೆಗೂ ಬಹಳ ದಿನವಾಗಿತ್ತು.

ಮಧ್ಯಾಹ್ನಕ್ಕೆ ಕೋಣೆ ಖಾಲಿಯಾಯಿತು. ಮಾಸ್ತರು ಚೀಲದಿಂದ ರೊಟ್ಟಿಯ ಡಬ್ಬಿ ತೆಗೆದರು, ಜೊತೆಗೇ ಒಂದು ಪ್ಲಾಸ್ಟಿಕ್ ಕವರನ್ನೂ. ಅದರಲ್ಲಿ ಮಡಿಕೆಗೆ ಹರಿದ ಹಳೆಯ ಕಾರ್ಡು: ಉದ್ಯೋಗ ವಿನಿಮಯ ಕಚೇರಿಯ ನೋಂದಣಿ. ಖಾಲಿ ಹುದ್ದೆಗಳನ್ನು ಆ ಕಚೇರಿಗೆ ತಿಳಿಸಲೇಬೇಕೆಂಬ ಕಾಯ್ದೆ 1959ರಲ್ಲಿ ಬಂದಿತ್ತು. ಅಲ್ಲಿಂದ ಅಂಚೆಯಲ್ಲಿ ಬರುವ ಕಾಲ್ ಲೆಟರಿಗಾಗಿ ಒಂದು ತಲೆಮಾರೇ ಕಾದಿತ್ತು. ಮಾಸ್ತರಿಗೆ ಅದು ಬಂದದ್ದು ಮೂರು ವರ್ಷದ ಮೇಲೆ, ಸಂದರ್ಶನದ ಹಿಂದಿನ ಸಂಜೆ. ಪೋಸ್ಟ್‌ಮನ್ ಸೈಕಲ್ ಕೊಟ್ಟನಂತೆ. “ಆವಾಗ ಕಾಗದ ಬರ್ತಿದ್ದಿಲ್ಲ. ಈಗ ದಿನಾ ಮೊಬೈಲಿಗೆ ನೂರು ಬರ್ತಾವ. ಸೈಕಲ್ ಕೊಡಾವ್ರ ಇಲ್ಲ” ಅಂದರು. ಇದನ್ನು ಅವರು ಈ ಮೊದಲೂ ಹಲವರಿಗೆ ಹೇಳಿರಬೇಕು. ಅಕ್ಕೋರು ಕಪಾಟು ಒರೆಸುತ್ತ ಮುಗುಳ್ನಕ್ಕರು.

ಬಾಗಿಲು ಹಾಕುವ ಹೊತ್ತಿಗೆ ಒಬ್ಬ ಬಂದ. ವಯಸ್ಸು ಇಪ್ಪತ್ತೊಂಬತ್ತೋ ಮೂವತ್ತೋ. ಕೈಯಲ್ಲಿ ಲೈಬ್ರರಿಯ ಎರಡು ಸಾಮಾನ್ಯಜ್ಞಾನದ ಪುಸ್ತಕಗಳು. ಜನ ಇರುವ ಹೊತ್ತಿಗೆ ಇವನು ಬರುವುದಿಲ್ಲವಂತೆ. ಬಿಎ ಮುಗಿಸಿ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ವರ್ಷಗಳ ಕಾಲ ಪರೀಕ್ಷೆಗೆ ಓದಿದವನು. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆಯನ್ನು ಬರೆದಿದ್ದ. ಅಕ್ರಮ ಬಯಲಾಗಿ 2022ರಲ್ಲಿ ಅದು ರದ್ದಾಯಿತು, ಮರುಪರೀಕ್ಷೆ ಬಂದದ್ದು 2024ರ ಜನವರಿಗೆ. ಆ ನಡುವಿನ ದಿನಗಳ ಲೆಕ್ಕವನ್ನು ಯಾವ ಅರ್ಜಿಯಲ್ಲಿ ತುಂಬಬೇಕು? ನಿರುದ್ಯೋಗಿ ಪದವೀಧರರಿಗೆಂದು ಬಂದ ಯುವನಿಧಿಯ ಮೂರು ಸಾವಿರವೂ 2023ರಲ್ಲಿ ಪದವಿ ಮುಗಿಸಿದವರಿಂದ ಶುರುವಾಗುತ್ತದೆ. ಇವನದು ಅದಕ್ಕಿಂತ ಹಿಂದಿನ ಪದವಿ.

ಪುಸ್ತಕ ಮೇಜಿನ ಮೇಲಿಟ್ಟು, “ಸೋಮವಾರ ಧಾರವಾಡಕ್ಕ ಹೊಂಟೇನ್ರಿ, ರೂಮ್ ಖಾಲಿ ಮಾಡಾಕ” ಅಂದ. ತಲೆ ಎತ್ತಲಿಲ್ಲ.

ಮುಂದೇನು ಎಂದು ಮಾಸ್ತರು ಕೇಳಲಿಲ್ಲ. ರೊಟ್ಟಿಯ ಡಬ್ಬಿ ಮುಂದಕ್ಕೆ ಸರಿಸಿದರು. ಅವನು ಒಂದು ಚೂರು ಮುರಿದುಕೊಂಡ. ಬಾಯಿ ತುಂಬಿಸಿಕೊಂಡಿರುವಾಗ ಅಕ್ಕೋರು ಗಾಜಿನ ಕೆಳಗಿನ ಚೀಟಿ ಎಳೆದರು.

“ಮೆಂಟಲ್ ಎಬಿಲಿಟಿ ಓದೀಯಲ್ಲ, ಹತ್ತನೇತ್ತ ಗಣಿತ ಬರ್ತೈತಿಲ್ಲ? ಸಂಜಿಕ ಇಲ್ಲೇ ಬಂದು ಒಂದ ತಾಸು ಹೇಳು. ಮೊದಲ ಒಬ್ಬಾಂವ ಇರ್ತಾನ, ನಾಕ ದಿನಕ್ಕ ಹತ್ತ ಮಂದಿ ಆಗ್ತಾರ. ಅವರಪ್ಪ ರೊಕ್ಕ ಕೊಡ್ತಾನ, ನಾ ಮಾತಾಡ್ತೀನಿ.”

ಅವನು ಹೂಂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಚೀಟಿಯನ್ನು ಅಂಗಿಯ ಜೇಬಿಗೆ ಇಟ್ಟುಕೊಂಡ.

“ಮತ್ತ ಸೋಮವಾರ ಇಬ್ಬರು ಹೆಣ್ಮಕ್ಕಳು ರುಡ್‌ಸೆಟಿಗೆ ಹೊಂಟಾರ. ಹೆಂಗೂ ಹೋಗಾಂವ ಅದೀ, ಗೇಟಿನ ತನಕ ಬಿಟ್ಟು ಹೋಗು.”

ಸೋಮವಾರ ಏಳೂವರೆಯ ಬಸ್ಸು ಏಳು ಐವತ್ತಕ್ಕೆ ಬಂತು. ಕಿಟಕಿಯ ಬದಿಗೆ ಅತ್ತೆ, ಪಕ್ಕದಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡ ಸೊಸೆ, ಹಿಂದಿನ ಸೀಟಿನಲ್ಲಿ ಅವನು. ಕೈಯಲ್ಲಿ ಅಕ್ಕೋರು ಕೊಟ್ಟ ರಟ್ಟಿನ ಫೈಲು: ಆಧಾರ್ ನಕಲು, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕು, ಫೋಟೊ. ಕಂಡಕ್ಟರ್ ಮುಂದಿನವರಿಬ್ಬರಿಗೂ ಸೊನ್ನೆಯ ಟಿಕೆಟ್ ಹರಿದು ಕೊಟ್ಟು, ಇವನ ಮುಂದೆ ಕೈ ಚಾಚಿದ. ಬಸ್ಸು ಹೊರಟು ಊರಿನ ಕೆರೆ ಹಿಂದಾಗುವಾಗ ಅತ್ತೆ ಸೀಟಿನ ಸಂದಿಯಿಂದ ಹಿಂದಕ್ಕೆ ಬಾಗಿದಳು.

“ತಮ್ಮಾ, ಅಲ್ಲಿ ಖೋಲಿ ಚಿಲಕಾ ಒಳಗಿಂದ ಹಾಕಾಕ ಬರ್ತೈತೇನ?”

ಅವನಿಗೆ ಅದು ಗೊತ್ತಿರಲಿಲ್ಲ. ಫೈಲನ್ನು ತೊಡೆಯ ಮೇಲೆ ಸರಿಪಡಿಸಿಕೊಂಡು, “ನಾನೂ ಒಳಗ ಬರ್ತೀನಿ ತಗೋರಿ ಚಿಗವ್ವಾ, ಕೇಳೂಣು” ಅಂದ.