ಸುಣ್ಣ ಹಾಕಿ ತಿಕ್ಕಿದ ತಂಬಾಕು ಬೇಗ ತಲೆಗೇರುವುದೇಕೆ?

ಮುಂಬೈ, ಪುಣೆಯಲ್ಲಿರುವವರು ಇದನ್ನು ದಿನವೂ ನೋಡಿರುತ್ತೀರಿ. ಅಂಗೈಯಲ್ಲಿ ಒಂದು ಚಿಟಿಕೆ ತಂಬಾಕು, ಮೇಲೆ ಸ್ವಲ್ಪ ಸುಣ್ಣ. ಹೆಬ್ಬೆರಳಿನಿಂದ ಚೆನ್ನಾಗಿ ತಿಕ್ಕಿ ತುಟಿಯೊಳಗೆ ಇಟ್ಟುಕೊಳ್ಳುತ್ತಾರೆ. ಸುಣ್ಣ ಬರೀ ರುಚಿಗಾಗಿ ಎಂದುಕೊಂಡಿದ್ದೀರಾ? ಅಲ್ಲ.

*ನಿಕೋಟಿನ್ ಎಂದರೇನು?*
ತಂಬಾಕು ಗಿಡದ ಬೇರಿನಲ್ಲಿ ತಯಾರಾಗಿ ಎಲೆಗೆ ಏರುವ ವಿಷ ಇದು. ಎಲೆ ತಿನ್ನಲು ಬರುವ ಹುಳುಗಳ ನರಗಳನ್ನು ಕೆಡಿಸುವುದೇ ಇದರ ಕೆಲಸ. ಅಂದರೆ ಗಿಡವೇ ತನಗಾಗಿ ಮಾಡಿಕೊಂಡ ಕೀಟನಾಶಕ! 1828ರಲ್ಲಿ ಜರ್ಮನಿಯ ಪೊಸ್ಸೆಲ್ಟ್ ಮತ್ತು ರೈಮನ್ ಇದನ್ನು ಮೊದಲ ಬಾರಿಗೆ ಎಲೆಯಿಂದ ಬೇರ್ಪಡಿಸಿದರು.

*ತೆಗೆಯುವುದು ಹೇಗೆ?*
ಎಲೆಯಲ್ಲಿ ನಿಕೋಟಿನ್ ಆಮ್ಲಗಳಿಗೆ ಅಂಟಿಕೊಂಡಿರುತ್ತದೆ. ಕಾರ್ಖಾನೆಯ ಹಳೆಯ ವಿಧಾನದಲ್ಲಿ ತಂಬಾಕಿನ ಪುಡಿಗೆ ಸುಣ್ಣ ಬೆರೆಸುತ್ತಾರೆ. ಆಗ ನಿಕೋಟಿನ್ ಬಿಡಿಯಾಗುತ್ತದೆ. ಅದನ್ನು ಸೀಮೆಎಣ್ಣೆಯಂಥ ದ್ರಾವಕಕ್ಕೆ ಇಳಿಸಿ, ಗಂಧಕಾಮ್ಲ ಸೇರಿಸಿದರೆ ನಿಕೋಟಿನ್ ಸಲ್ಫೇಟ್ ಸಿಗುತ್ತದೆ. ಹಿಂದೆ ಇದನ್ನು ಬೆಳೆಗೆ ಸಿಂಪಡಿಸುತ್ತಿದ್ದರು. ಈಗ ಭಾರತದಲ್ಲಿ ಇದರ ಬಳಕೆಗೆ ನಿಷೇಧವಿದೆ.

ಅಂಗೈಯಲ್ಲಿ ನಡೆಯುವುದೂ ಇದೇ ರಸಾಯನ. ಸುಣ್ಣ ತಾಗಿ ಬಿಡಿಯಾದ ನಿಕೋಟಿನ್ ಬಾಯಿಯ ತೆಳು ಚರ್ಮದ ಮೂಲಕ ಬೇಗ ರಕ್ತ ಸೇರುತ್ತದೆ. ಚಟ ಹಿಡಿಸುವುದು ಇದೇ. ನಾಡಿಬಡಿತ, ರಕ್ತದೊತ್ತಡ ಏರಿಸುವುದೂ ಇದೇ. ಬಾಯಿ ಕ್ಯಾನ್ಸರ್‌ಗೆ ಮುಖ್ಯ ಕಾರಣ ತಂಬಾಕಿನಲ್ಲಿರುವ ನೈಟ್ರೋಸಮೈನ್ ಎಂಬ ಬೇರೆ ವಸ್ತುಗಳು. ನಿಕೋಟಿನ್ ಕರೆಯುತ್ತದೆ, ಅವು ಕೊಲ್ಲುತ್ತವೆ.

*ಮನೆಯಲ್ಲಿ ಗಮನಿಸಿ*
👉 ಮಶೇರಿ ಹಲ್ಲುಪುಡಿಯಲ್ಲ, ಹುರಿದ ತಂಬಾಕು. ಗರ್ಭಿಣಿಯರು ಬಳಸಿದರೆ ಹುಟ್ಟುವ ಮಗುವಿನ ತೂಕ ಕಡಿಮೆಯಾಗಬಹುದು.
👉 ಬಾಲ್ಕನಿಯ ಗಿಡಗಳಿಗೆ ತಂಬಾಕು ನೆನೆಸಿದ ನೀರು ಹಾಕಬೇಡಿ. ನೈಸರ್ಗಿಕವಾದರೂ ವಿಷ ವಿಷವೇ. ಅದು ಚರ್ಮದ ಮೂಲಕವೂ ಒಳಗೆ ಹೋಗುತ್ತದೆ.
👉 ಹುಣಸೂರು, ಪಿರಿಯಾಪಟ್ಟಣದ ಕಡೆಯ ತಂಬಾಕು ಹೊಲ ನಿಮ್ಮದೇ? ಊರಿಗೆ ಹೋದಾಗ ಒದ್ದೆ ಎಲೆಯನ್ನು ಬರಿಗೈಯಲ್ಲಿ ಕೀಳಬೇಡಿ, ಮಕ್ಕಳ ಕೈಯಲ್ಲೂ ಕೀಳಿಸಬೇಡಿ. ವಾಂತಿ, ತಲೆಸುತ್ತು ಬರುತ್ತದೆ.
👉 ತಂಬಾಕಿನ ಡಬ್ಬಿ, ಸಿಗರೇಟು ತುಂಡು ಮಗುವಿನ ಕೈಗೆ ಸಿಗಬಾರದು. ನುಂಗಿದರೆ ವಾಂತಿ ಮಾಡಿಸಲು ಹೋಗಬೇಡಿ. ತಕ್ಷಣ ಆಸ್ಪತ್ರೆಗೆ ಓಡಿ.

*ಬಿಡಬೇಕು ಎನ್ನುವವರಿಗೆ*
ಅದೇ ನಿಕೋಟಿನ್ ಔಷಧವೂ ಹೌದು. 2 ಅಥವಾ 4 ಮಿಲಿಗ್ರಾಂ ನಿಕೋಟಿನ್ ಇರುವ ಚೂಯಿಂಗ್ ಗಮ್ ಸಿಗುತ್ತದೆ. ಕ್ಯಾನ್ಸರ್ ತರುವ ತಂಬಾಕು ಅದರಲ್ಲಿಲ್ಲ. ನಿಧಾನವಾಗಿ ಅಗಿದು ಕೆನ್ನೆಯ ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಇ-ಸಿಗರೇಟಿಗೆ ಮಾತ್ರ ಮರುಳಾಗಬೇಡಿ, 2019ರಿಂದ ದೇಶದಲ್ಲಿ ಅದರ ಮಾರಾಟಕ್ಕೆ ನಿಷೇಧವಿದೆ.

ಸರ್ಕಾರದ ಉಚಿತ ಸಹಾಯವಾಣಿ: *1800-11-2356*. ಬೆಂಗಳೂರಿನ ನಿಮ್ಹಾನ್ಸ್ ಮೂಲಕ ಕನ್ನಡದಲ್ಲೂ ಸಲಹೆ ಸಿಗುತ್ತದೆ. ಪರಊರಿನಲ್ಲಿ ಭಾಷೆ ಬಾರದೆಂದು ಸುಮ್ಮನಿರುವ ಅಪ್ಪ, ಮಾವ, ಅಜ್ಜಿಗೆ ನೀವೇ ನಂಬರ್ ಒತ್ತಿ ಫೋನ್ ಕೈಗೆ ಕೊಡಿ. ಬೈದರೆ ಯಾರೂ ಬಿಡುವುದಿಲ್ಲ, ಜೊತೆಗೆ ಕೂತರೆ ಬಿಟ್ಟಾರು.

ಕನ್ನಡ ಓದಲು ಬಾರದ ಮಕ್ಕಳಿಗೆ ಇದನ್ನು ಓದಿ ಹೇಳಿ. ನಿಮ್ಮ ಗುಂಪುಗಳಿಗೂ ಕಳುಹಿಸಿ.